ಹೈಡ್ಸ್‌ವಿಲ್ ಗ್ರಾಮದ ಬಾಡಿಗೆ ಮನೆ

ವರ್ಗಾವಣೆಯ ನೌಕರಿಯಲ್ಲಿ ಆಯುಷ್ಯ ಸವೆಸಿದವರಿಗೆ ಹಳೆಯ ಬಾಡಿಗೆ ಮನೆಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಹೊಸ ಊರಿಗೆ ಹೋಗಿ ಸಾಮಾನು ಇಳಿಸಿ, ಹಾಲು ಉಕ್ಕಿಸಿದ ಸಂಜೆಯೇ ನೆರೆಮನೆಯವರೊಬ್ಬರು ಬಂದು, "ಮೇಷ್ಟ್ರೇ, ಈ ಮನೆಯಲ್ಲಿ ಹಿಂದೆ ಇದ್ದವರು..." ಎಂದು ಆರಂಭಿಸಿ ಮಾತನ್ನು ಅರ್ಧಕ್ಕೇ ನುಂಗಿಕೊಳ್ಳುವುದುಂಟು. ಅಷ್ಟು ಸಾಕು. ಆ ರಾತ್ರಿ ಅಟ್ಟದ ಮೇಲಿನ ಒಂದೊಂದು ಸದ್ದಿಗೂ ಒಂದೊಂದು ಅರ್ಥ ಹುಟ್ಟಿಕೊಳ್ಳುತ್ತದೆ. ಇಂತಹ ಸದ್ದುಗಳ ಬಗ್ಗೆ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಇಂದು ನಾನು ಬರೆಯಹೊರಟಿರುವುದು ಕಥೆಯನ್ನಲ್ಲ, ದಿನಾಂಕ ಮತ್ತು ಸಾಕ್ಷಿಗಳ ಸಮೇತ ದಾಖಲಾಗಿರುವ ಒಂದು ಪ್ರಸಂಗವನ್ನು.

1848 ಎಂದೊಡನೆ ಯುರೋಪಿನ ಕ್ರಾಂತಿಗಳ ವರ್ಷವೆಂದು ನಿಮಗೆಲ್ಲ ನಾನು ಬರೆಸಿದ್ದು ನೆನಪಿರಬಹುದು. ಪ್ಯಾರಿಸ್, ವಿಯೆನ್ನಾ, ಬರ್ಲಿನ್ ಎಂದು ನೀವು ಬಾಯಿಪಾಠ ಒಪ್ಪಿಸುತ್ತಿದ್ದಿರಿ. ಅದೇ ವರ್ಷದ ಮಾರ್ಚ್ ತಿಂಗಳ ಕೊನೆಯ ರಾತ್ರಿ ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಯಾರ್ಕ್ ಸಂಸ್ಥಾನದ ವೇಯ್ನ್ ಕೌಂಟಿಯಲ್ಲಿ, ಹೈಡ್ಸ್‌ವಿಲ್ ಎಂಬ ಕುಗ್ರಾಮದ ಮರದ ಮನೆಯೊಂದರಲ್ಲಿ ನಡೆದದ್ದು ಪಠ್ಯಪುಸ್ತಕಕ್ಕೆ ಬಂದಿಲ್ಲ. ಹಾಗಿದ್ದರೂ ಅದರ ಅಲೆಗಳು ಮದರಾಸಿನವರೆಗೂ, ನಮ್ಮ ಬೆಂಗಳೂರಿನವರೆಗೂ ತಲಪಿದವು.

ಮನೆ ಚಿಕ್ಕದು, ಹಳೆಯದು, ಬಾಡಿಗೆಯದು. ಜಾನ್ ಫಾಕ್ಸ್ ಎಂಬ ಕಮ್ಮಾರನು 1847ರ ಡಿಸೆಂಬರಿನಲ್ಲಿ ಹೆಂಡತಿ ಮಾರ್ಗರೆಟ್ ಹಾಗೂ ಕೊನೆಯ ಇಬ್ಬರು ಹೆಣ್ಣುಮಕ್ಕಳೊಡನೆ ಅಲ್ಲಿಗೆ ಬಂದು ಸೇರಿದನು. ಹತ್ತಿರದಲ್ಲಿಯೇ ಅವನ ಸ್ವಂತ ಮನೆ ಕಟ್ಟಲ್ಪಡುತ್ತಿತ್ತು. ಅದು ಮುಗಿಯುವವರೆಗಿನ ತಾತ್ಕಾಲಿಕ ವಾಸಕ್ಕೆ ಈ ಮನೆ. ಹುಡುಗಿಯರಲ್ಲಿ ಮ್ಯಾಗಿಗೆ ಸುಮಾರು ಹದಿನಾಲ್ಕು ವರ್ಷ, ಕೇಟಳಿಗೆ ಹನ್ನೊಂದರ ಆಸುಪಾಸು. ಚಳಿಗಾಲ ಕಳೆಯಿತು. ಮಾರ್ಚ್ ತಿಂಗಳಲ್ಲಿ ರಾತ್ರಿಯ ವೇಳೆ ಕುಟ್ಟುವ ಸದ್ದು, ಕುರ್ಚಿ ಎಳೆದಂತಹ ಸದ್ದು ಕೇಳತೊಡಗಿದವು. ಗಂಡಹೆಂಡಿರು ಮೇಣದ ಬತ್ತಿ ಹಿಡಿದು ಮನೆಯೆಲ್ಲ ಹುಡುಕಿದರು. ಏನೂ ಸಿಕ್ಕಲಿಲ್ಲ.

ಹಳೆಯ ಮನೆ ಸದ್ದು ಮಾಡುವುದರಲ್ಲಿ ಸೋಜಿಗವೇನೂ ಇಲ್ಲ. ಹಗಲಿನ ಬಿಸಿಗೆ ಹಿಗ್ಗಿದ ತೊಲೆ ಇರುಳಿನ ತಂಪಿಗೆ ಕುಗ್ಗುವಾಗ, ಕೀಲಿನಲ್ಲಿ ಸಿಕ್ಕಿಕೊಂಡ ಬಿಗಿತ ಒಮ್ಮೆಲೇ ಸಡಿಲಗೊಂಡು 'ಟಕ್' ಎನ್ನುತ್ತದೆ. ಹಗಲೂ ಇದು ನಡೆಯುತ್ತಲೇ ಇರುತ್ತದೆ. ಆಗ ನಮ್ಮ ಕಿವಿಗೆ ಬೇರೆ ಕೆಲಸಗಳಿರುತ್ತವೆ. ಅದೂ ಅಲ್ಲದೆ, ರಾತ್ರಿ ನೆಲದ ಬಳಿಯ ಗಾಳಿ ತಂಪಾಗಿ ಮೇಲಿನ ಗಾಳಿ ಬೆಚ್ಚಗಿರುವಾಗ ಶಬ್ದದ ಅಲೆಗಳು ಕೆಳಮುಖವಾಗಿ ಬಾಗುತ್ತವೆ. ಹಗಲು ಕೇಳಿಸದ ದೂರದ ರೈಲಿನ ಕೂಗು ಇರುಳಿನಲ್ಲಿ ಹಿತ್ತಿಲಲ್ಲೇ ಕೇಳಿದಂತಾಗುವುದು ಇದರಿಂದಲೇ. ಇಂಗ್ಲೆಂಡಿನ ಹಳೆಯ ಓಕ್ ಮರದ ಮನೆಗಳಲ್ಲಿ ಒಂದು ಬಗೆಯ ಕೊರಕ ದುಂಬಿ ವಸಂತಕಾಲದಲ್ಲಿ ಸಂಗಾತಿಯನ್ನು ಕರೆಯಲು ತನ್ನ ತಲೆಯನ್ನು ಮರಕ್ಕೆ ಕುಟ್ಟುತ್ತದೆ. ರೋಗಿಯ ಮಂಚದ ಬಳಿ ನಿದ್ದೆಗೆಟ್ಟು ಕುಳಿತವರಿಗೆ ಮಾತ್ರ ಅದು ಕೇಳಿಸುತ್ತಿದ್ದುದರಿಂದ ಅಲ್ಲಿಯ ಜನ ಅದಕ್ಕೆ ಸಾವಿನ ಕಾವಲುಗಾರನೆಂಬ ಅರ್ಥದ ಹೆಸರಿಟ್ಟರು. ಮಲೆನಾಡಿನ ಒಂದು ಊರಿನಲ್ಲಿ ನಾವು ಬಾಡಿಗೆಗಿದ್ದ ಹೆಂಚಿನ ಮನೆಯ ಅಟ್ಟದಲ್ಲಿ ನಡುರಾತ್ರಿ ಯಾರೋ ನಿಧಾನವಾಗಿ ಅತ್ತಿತ್ತ ನಡೆದಾಡಿದಂತೆ ಕೇಳುತ್ತಿತ್ತು. ನಮ್ಮ ಮನೆಯಾಕೆ ಮೂರನೆಯ ದಿನ ಏಣಿ ಹತ್ತಿ ನೋಡಿ, ಕಾಫಿ ಬೀಜ ತುಂಬಿದ ಹಿಕ್ಕೆಗಳನ್ನು ತೋರಿಸಿದಳು. ಪುನುಗಿನ ಬೆಕ್ಕು! ನಾವು ಆ ಮನೆಯಲ್ಲಿದ್ದಷ್ಟು ಕಾಲವೂ ಅದು ನಮ್ಮೊಡನೆ ಬಾಡಿಗೆ ಕೊಡದೆ ವಾಸಿಸಿತು.

ಹೈಡ್ಸ್‌ವಿಲ್ಲಿನ ಸದ್ದು ಇವುಗಳಿಂದ ಬೇರೆಯಾದದ್ದು ಒಂದೇ ಕಾರಣಕ್ಕೆ. ಅದು ಉತ್ತರ ಕೊಟ್ಟಿತು.

ಮಾರ್ಚ್ 31, ಶುಕ್ರವಾರ. ಹಿಂದಿನ ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಬಳಲಿದ್ದ ಸಂಸಾರ ಅಂದು ಬೇಗನೆ ಮಲಗಿತು. ಮಕ್ಕಳ ಮಂಚವೂ ತಂದೆತಾಯಿಯರ ಕೋಣೆಯಲ್ಲೇ ಇತ್ತು. ಸದ್ದು ಆರಂಭವಾಯಿತು. ಕಿರಿಯವಳಾದ ಕೇಟ್ ಅದಕ್ಕೆ ಸೈತಾನನ ಅಡ್ಡಹೆಸರೊಂದನ್ನಿಟ್ಟು ಕರೆದು, ತಾನು ಮಾಡಿದಂತೆ ಮಾಡೆಂದು ಬೆರಳು ಚಿಟಿಕಿಸಿದಳು. ಎಷ್ಟು ಚಿಟಿಕೆಯೋ ಅಷ್ಟೇ ಕುಟ್ಟುಗಳು ಕೇಳಿದವು. ಮ್ಯಾಗಿ ಚಪ್ಪಾಳೆ ತಟ್ಟಿ ಎಣಿಸಿದಳು. ಅದಕ್ಕೂ ಸರಿಯಾದ ಉತ್ತರ. ಆಗ ಕೇಟ್ ತಾಯಿಗೆ ಒಂದು ಮಾತು ಹೇಳಿದಳೆಂದು ತಾಯಿಯೇ ಅನಂತರ ಕೊಟ್ಟ ಹೇಳಿಕೆಯಲ್ಲಿದೆ: ನಾಳೆ ಏಪ್ರಿಲ್ ಮೊದಲ ದಿನವಲ್ಲವೇ, ಯಾರೋ ನಮ್ಮನ್ನು ಮೂರ್ಖರನ್ನಾಗಿಸುತ್ತಿದ್ದಾರೆ ಎಂದು. ಮಗು ಆಟದ ಗುಟ್ಟನ್ನು ಅರ್ಧ ಬಿಟ್ಟುಕೊಟ್ಟಿತ್ತು. ಹಿರಿಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಾಯಿ ಮಾರ್ಗರೆಟ್ ಒಂದು ಪರೀಕ್ಷೆ ಹೂಡಿದಳು. ತನ್ನ ಮಕ್ಕಳ ವಯಸ್ಸನ್ನು ಒಬ್ಬೊಬ್ಬರಂತೆ ಕುಟ್ಟಿ ತೋರಿಸೆಂದು ಕೇಳಿದಳು. ಒಂದೊಂದು ವಯಸ್ಸಿನ ನಡುವೆ ಬಿಡುವು ಕೊಟ್ಟು ಸದ್ದು ಎಲ್ಲವನ್ನೂ ಸರಿಯಾಗಿ ಎಣಿಸಿತು. ಕೊನೆಗೆ ಸ್ವಲ್ಪ ತಡೆದು ಇನ್ನೂ ಮೂರು ಕುಟ್ಟುಗಳು ಬಿದ್ದವು. ಮೂರು ವರ್ಷಕ್ಕೆ ತೀರಿಹೋದ ಅವಳ ಕೂಸಿನ ವಯಸ್ಸು ಅದು. ಆ ಮೂರು ಕುಟ್ಟುಗಳ ಮುಂದೆ ತಾಯಿಯಾದವಳ ಸಂಶಯ ಎಲ್ಲಿ ಉಳಿದೀತು? ಮನೆಯ ಮಕ್ಕಳ ವಯಸ್ಸು ಮನೆಯ ಮಕ್ಕಳಿಗೇ ತಿಳಿದಿರದೇ ಎಂದು ನಾವು ಇಂದು ಸುಲಭವಾಗಿ ಕೇಳಬಹುದು. ಆ ರಾತ್ರಿ ಆ ಕೋಣೆಯಲ್ಲಿ ಆ ಪ್ರಶ್ನೆ ಹುಟ್ಟುವುದು ಅಷ್ಟು ಸುಲಭವಲ್ಲ.

ಆಮೇಲೆ ನಡೆದ ಪ್ರಶ್ನೋತ್ತರವನ್ನು ಅಧ್ಯಾಪಕನಾದ ನಾನು ಒಂದು ವಿಶೇಷ ಕುತೂಹಲದಿಂದ ಓದಿದ್ದೇನೆ. ಶಬ್ದ ಮಾಡುತ್ತಿರುವವನು ಮನುಷ್ಯನೇ ಎಂದು ಮಾರ್ಗರೆಟ್ ಕೇಳಿದಳು, ಮೌನ. ಪ್ರೇತವಾಗಿದ್ದರೆ ಎರಡು ಸಲ ಕುಟ್ಟು ಎಂದಳು, ಎರಡು ಕುಟ್ಟು. ಅನ್ಯಾಯಕ್ಕೊಳಗಾದ ಪ್ರೇತವೇ? ಕುಟ್ಟು. ಈ ಮನೆಯಲ್ಲೇ ಅನ್ಯಾಯವಾಯಿತೇ? ಕುಟ್ಟು. ಹೀಗೆಯೇ ಅರ್ಧ ಗಂಟೆಯೊಳಗೆ ಒಂದು ಕೊಲೆಯ ವೃತ್ತಾಂತ ಸಿದ್ಧವಾಯಿತು: ಸತ್ತವನು ಗಂಡಸು, ವಯಸ್ಸು ಮೂವತ್ತೊಂದು, ಹೆಂಡತಿ ಮತ್ತು ಐದು ಮಕ್ಕಳಿದ್ದರು, ದೇಹ ನೆಲಮಾಳಿಗೆಯಲ್ಲಿದೆ. ಆದರೆ ಆ ವೃತ್ತಾಂತದ ಒಂದು ಶಬ್ದವನ್ನಾದರೂ ಸದ್ದು ಉಚ್ಚರಿಸಿತೇ? ಪ್ರೇತ, ಅನ್ಯಾಯ, ಕೊಲೆ, ನೆಲಮಾಳಿಗೆ, ಈ ಮಾತುಗಳೆಲ್ಲ ಬಂದದ್ದು ಕೇಳುವವಳ ಬಾಯಿಂದ. ಸದ್ದಿನ ಪಾಲಿಗಿದ್ದುದು ಹೌದು ಎನ್ನುವುದು ಅಥವಾ ಸುಮ್ಮನಿರುವುದು, ಎರಡೇ.

ಮೌಖಿಕ ಪರೀಕ್ಷೆ ನಡೆಸಿದ ಯಾವ ಅಧ್ಯಾಪಕನಿಗೂ ಇದು ಗೊತ್ತು. "ಅಕ್ಬರನ ಮಗ ಜಹಾಂಗೀರನೋ, ಷಹಜಹಾನನೋ?" ಎಂದು ಕೇಳಿ, ಮೊದಲ ಹೆಸರಿನ ಮೇಲೆ ನಮ್ಮ ದನಿ ಎಳ್ಳಷ್ಟು ಒತ್ತಿದರೂ ಸಾಕು, ಕೊನೆಯ ಬೆಂಚಿನವನು ಸರಿಯುತ್ತರ ಹೇಳಿಬಿಡುತ್ತಾನೆ. ಅವನು ಓದಿರುವುದು ಇತಿಹಾಸವನ್ನಲ್ಲ, ಮೇಷ್ಟ್ರ ಮುಖವನ್ನು. ನಿಮ್ಮಲ್ಲಿ ಕೆಲವರು ಈ ವಿದ್ಯೆಯಲ್ಲಿ ಪ್ರವೀಣರಾಗಿದ್ದಿರಿ, ಹೆಸರು ಹೇಳುವುದಿಲ್ಲ.

ಅಂದೇ ರಾತ್ರಿ ನೆರೆಹೊರೆಯವರನ್ನು ಕರೆಸಲಾಯಿತು. ಅವರಲ್ಲಿ ವಿಲಿಯಂ ಡ್ಯೂಸ್ಲರ್ ಎಂಬಾತ ಪ್ರಶ್ನೆ ಕೇಳುವುದನ್ನು ವಹಿಸಿಕೊಂಡನು. ಅವನೂ ಕೆಲವು ವರ್ಷಗಳ ಹಿಂದೆ ಅದೇ ಮನೆಯಲ್ಲಿ ವಾಸವಾಗಿದ್ದವನು. ಆಗ ಅವನಿಗೆ ಯಾವ ಸದ್ದೂ ಕೇಳಿರಲಿಲ್ಲ. ಕೊಲೆ ಹಣಕ್ಕಾಗಿ ನಡೆಯಿತೇ ಎಂದು ಕೇಳಿದನು, ಹೌದು. ಎಷ್ಟು ಹಣ? ನೂರು ಡಾಲರೇ, ಇನ್ನೂರೇ, ಮುನ್ನೂರೇ ಎಂದು ಏರಿಸುತ್ತ ಹೋದನು. ಐನೂರು ಎಂದಾಗ ಕುಟ್ಟಿತು. ಬಳಿಕ ಹಿಂದೆ ಆ ಮನೆಯಲ್ಲಿದ್ದವರ ಹೆಸರುಗಳ ಸರದಿ ಬಂತು. ಜಾನ್ ಬೆಲ್ ಎಂಬ ಹೆಸರಿಗೆ ಸದ್ದು ಜೋರಾಗಿ ಉತ್ತರಿಸಿತು. ಬೆಲ್ ನಾಲ್ಕೈದು ವರ್ಷಗಳ ಹಿಂದೆ ಅಲ್ಲಿ ಬಾಡಿಗೆಗಿದ್ದು, ಮನೆ ಬಿಟ್ಟು ಬೇರೆ ಊರಿಗೆ ಹೋಗಿ ನೆಲೆಸಿದ್ದನು. ಅಂದು ರಾತ್ರಿ ಆ ಕೋಣೆಯಲ್ಲಿ ಅವನ ಪರವಾಗಿ ಬಾಯಿ ತೆರೆಯಲು ಅವನು ಇರಲಿಲ್ಲ.

ಮರುದಿನ ಶನಿವಾರ ರಾತ್ರಿ ಆ ಪುಟ್ಟ ಮನೆಯ ಒಳಗೂ ಹೊರಗೂ ಮುನ್ನೂರು ಜನ ನೆರೆದಿದ್ದರೆಂದು ಫಾಕ್ಸ್ ದಂಪತಿಗಳ ಹೇಳಿಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನೆಲಮಾಳಿಗೆಯನ್ನು ಅಗೆದರು. ಪಕ್ಕದಲ್ಲಿ ಹಳ್ಳವಿದ್ದುದರಿಂದ ಕೆಲವೇ ಅಡಿಗಳಲ್ಲಿ ನೀರು ಉಕ್ಕಿ ಕೆಲಸ ನಿಂತಿತು. ಬೇಸಗೆಯಲ್ಲಿ ಮತ್ತೆ ಅಗೆದಾಗ ಒಂದಿಷ್ಟು ಕೂದಲು, ಮೂಳೆಯ ಚೂರು ಸಿಕ್ಕಿದವೆಂದು ಹೇಳಿಕೊಂಡರು. ಕೊಲೆಯಾದನೆನ್ನಲಾದ ಅಲೆಮಾರಿ ವ್ಯಾಪಾರಿ ಎಲ್ಲಿಯವನು, ಅವನ ಐವರು ಮಕ್ಕಳು ಯಾವ ಊರಿನಲ್ಲಿದ್ದಾರೆ ಎಂಬುದಕ್ಕೆ ಅಂದಿನಿಂದ ಇಂದಿನವರೆಗೆ ಪುರಾವೆ ದೊರೆತಿಲ್ಲ.

ಇ. ಇ. ಲೂಯಿಸ್ ಎಂಬ ವಕೀಲನು ಕೂಡಲೇ ಅಲ್ಲಿಗೆ ಬಂದು, ಕಂಡವರ, ಕೇಳಿದವರ ಹೇಳಿಕೆಗಳನ್ನು ಬರೆದುಕೊಂಡು ಸಹಿ ಹಾಕಿಸಿ, ಅದೇ ವರ್ಷ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದನು. ಈ ಪ್ರಸಂಗ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಅವನಿಂದ. ಅದರಲ್ಲಿ ಬೆಲ್ಲನ ಮನೆಯಲ್ಲಿ ಕೆಲಸಕ್ಕಿದ್ದ ಲುಕ್ರೀಷಿಯಾ ಪಲ್ವರ್ ಎಂಬ ಹುಡುಗಿಯ ಹೇಳಿಕೆಯಿದೆ. ಒಮ್ಮೆ ಒಬ್ಬ ವ್ಯಾಪಾರಿ ಮನೆಗೆ ಬಂದಿದ್ದನೆಂದೂ, ತನ್ನನ್ನು ಕೆಲವು ದಿನ ಕೆಲಸದಿಂದ ಬಿಡಿಸಿದ್ದರೆಂದೂ, ಅನಂತರ ತಾನೂ ಸದ್ದು ಕೇಳಿದ್ದೆನೆಂದೂ ಅವಳು ಹೇಳಿದಳು. ಫಾಕ್ಸ್ ಸಂಸಾರಕ್ಕೆ ಮೊದಲು ಅಲ್ಲಿ ಬಾಡಿಗೆಗಿದ್ದ ವೀಕ್‌ಮನ್ ಎಂಬಾತನೂ ಬಾಗಿಲು ತಟ್ಟಿದ ಸದ್ದನ್ನು ನೆನಪಿಸಿಕೊಂಡನು. ಇವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಆದರೆ ನೆನಪು ಎಂಬುದು ಕಲ್ಲಿನ ಮೇಲಿನ ಶಾಸನವಲ್ಲ. ಊರೆಲ್ಲ ಒಂದು ಕೊಲೆಯ ಮಾತಾಡುತ್ತಿರುವಾಗ, ನಾಲ್ಕು ವರ್ಷದ ಹಿಂದೆ ಕಂಡ ಒಬ್ಬ ವ್ಯಾಪಾರಿ ಥಟ್ಟನೆ ಎದ್ದು ಬಂದು ನಿಲ್ಲುತ್ತಾನೆ. ಅವನಂತೆಯೇ ಬಂದು ಹೋದ ಇನ್ನಿತರ ವ್ಯಾಪಾರಿಗಳು ಮರೆಯಾಗುತ್ತಾರೆ.

ಬೆಲ್ ಸುಮ್ಮನೆ ಕೂರಲಿಲ್ಲ. ತನ್ನನ್ನು ಬಲ್ಲ ನೆರೆಹೊರೆಯವರ ಬಳಿ ಹೋಗಿ, ತಾನು ಪ್ರಾಮಾಣಿಕನೆಂದೂ ಇಂತಹ ಕೃತ್ಯ ತನ್ನಿಂದ ಸಾಧ್ಯವಿಲ್ಲವೆಂದೂ ಸಾರುವ ಪತ್ರಕ್ಕೆ 44 ಜನರ ಸಹಿ ಪಡೆದನು. ಲೂಯಿಸ್ ಅದನ್ನೂ ತನ್ನ ಹೊತ್ತಗೆಯಲ್ಲಿ ಸೇರಿಸಿದನು. ಇದು ನನ್ನ ಮನಸ್ಸಿನಲ್ಲಿ ನೆಟ್ಟು ನಿಂತ ಸಂಗತಿ. ಯಾವ ಪೊಲೀಸ್ ದೂರೂ ಇಲ್ಲದೆ, ಯಾವ ಹೆಣವೂ ಸಿಕ್ಕದೆ, ಒಬ್ಬ ಮನುಷ್ಯ ತಾನು ಕೊಲೆಗಾರನಲ್ಲವೆಂದು ಮನೆಮನೆ ತಿರುಗಿ ಸಹಿ ಬೇಡಬೇಕಾಯಿತು. ಅವನನ್ನು ಬಂಧಿಸಲಿಲ್ಲ, ವಿಚಾರಣೆಗೆ ಒಳಪಡಿಸಲಿಲ್ಲ. ವಿಚಾರಣೆ ನಡೆಯದ್ದರಿಂದ ಬಿಡುಗಡೆಯೂ ಆಗಲಿಲ್ಲ. ಇಂದಿಗೂ ಹೈಡ್ಸ್‌ವಿಲ್ಲಿನ ಕಥೆ ಹೇಳುವವರೆಲ್ಲ ಅವನ ಹೆಸರನ್ನು ಹೇಳಿಯೇ ಮುಂದೆ ಹೋಗುತ್ತಾರೆ.

ಬಾಡಿಗೆದಾರನ ಮೇಲೆ ಸದ್ದು ದೋಷ ಹೊರಿಸಿದ್ದು ಇದೇ ಮೊದಲಲ್ಲ. ಅದಕ್ಕೆ 86 ವರ್ಷ ಹಿಂದೆ, 1762ರಲ್ಲಿ, ಲಂಡನ್ನಿನ ಕಾಕ್ ಲೇನ್ ಎಂಬ ಓಣಿಯಲ್ಲಿ ಹೀಗೆಯೇ ಆಗಿತ್ತು. ಅಲ್ಲಿ ರಿಚರ್ಡ್ ಪಾರ್ಸನ್ಸ್ ಎಂಬ ಮನೆ ಮಾಲೀಕನು ತನ್ನ ಬಾಡಿಗೆದಾರನಾದ ವಿಲಿಯಂ ಕೆಂಟನಿಂದ ಸಾಲ ಪಡೆದು ಹಿಂದಿರುಗಿಸದೆ ಹೋದನು. ಕೆಂಟ್ ನ್ಯಾಯಾಲಯಕ್ಕೆ ಹೋದನು. ಕೆಂಟನೊಡನೆ ಬಾಳುತ್ತಿದ್ದ ಫ್ಯಾನಿ ಎಂಬಾಕೆ 1760ರಲ್ಲಿ ಸಿಡುಬಿನಿಂದ ತೀರಿಕೊಂಡಿದ್ದಳು. ಕೆಲಕಾಲಾನಂತರ ಪಾರ್ಸನ್ಸನ ಮಗಳ ಮಂಚದ ಬಳಿ ಕುಟ್ಟುವ, ಕೆರೆಯುವ ಸದ್ದು ಆರಂಭವಾಯಿತು. ಹೌದೆಂಬುದಕ್ಕೆ ಒಂದು ಕುಟ್ಟು, ಅಲ್ಲವೆಂಬುದಕ್ಕೆ ಎರಡು. ಕೆಂಟ್ ತನಗೆ ವಿಷ ಉಣಿಸಿದನೆಂದು ಫ್ಯಾನಿಯ ಪ್ರೇತ ನುಡಿಯಿತೆಂದು ಲಂಡನ್ ತುಂಬ ಗುಲ್ಲಾಯಿತು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಇದ್ದ ತಂಡವೊಂದು ಫೆಬ್ರವರಿ 1ರ ರಾತ್ರಿ ಪರೀಕ್ಷೆಗೆ ಹೋಯಿತು. ಹುಡುಗಿಯ ಕೈಗಳು ಹೊದಿಕೆಯ ಹೊರಗಿದ್ದಾಗ ಸದ್ದಿಲ್ಲ. ಪ್ರೇತವು ವಾಗ್ದಾನ ಮಾಡಿದ್ದಂತೆ ಶವಪೆಟ್ಟಿಗೆಯನ್ನಿಟ್ಟಿದ್ದ ನೆಲಮನೆಗೆ ಹೋದರೆ ಅಲ್ಲಿಯೂ ಸದ್ದಿಲ್ಲ. ಕೊನೆಗೆ ಹುಡುಗಿ ಬಟ್ಟೆಯೊಳಗೆ ಮರದ ತುಂಡೊಂದನ್ನು ಬಚ್ಚಿಟ್ಟುಕೊಂಡದ್ದು ಬಯಲಾಯಿತು. ಪಾರ್ಸನ್ಸನಿಗೆ ಎರಡು ವರ್ಷ ಸೆರೆಮನೆ, ಜೊತೆಗೆ ಬಹಿರಂಗವಾಗಿ ಕಟ್ಟೆಗೆ ಕಟ್ಟಿ ನಿಲ್ಲಿಸುವ ಶಿಕ್ಷೆ. ವಿನೋದವೆಂದರೆ, ಕೊಳೆತ ಮೊಟ್ಟೆ ಎಸೆಯಬೇಕಾಗಿದ್ದ ಜನ ಅವನಿಗೆ ಚಂದಾ ಎತ್ತಿ ಕೊಟ್ಟರು. ಅದೇನೇ ಇರಲಿ, ಕೆಂಟನಿಗೆ ನ್ಯಾಯಾಲಯದ ತೀರ್ಪೊಂದು ದೊರೆಯಿತು. ಬೆಲ್ಲನಿಗೆ ದೊರೆತದ್ದು 44 ಸಹಿಗಳು.

ಹೈಡ್ಸ್‌ವಿಲ್ಲಿನ ಸದ್ದಿಗೆ ಕಾಲವೂ ಅನುಕೂಲವಾಗಿತ್ತು. ಮೋರ್ಸನ ತಂತಿ ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ ಮಾತಾಡಿದ್ದು 1844ರಲ್ಲಿ. ಕಣ್ಣಿಗೆ ಕಾಣದ ದೂರದಿಂದ ಟಕಟಕ ಸದ್ದು ಸುದ್ದಿ ತರಬಹುದಾದರೆ ಪರಲೋಕದಿಂದ ಏಕೆ ತರಬಾರದು ಎಂದು ಜನ ಕೇಳಿದರೆ ತಪ್ಪೇನು? ಈ ಪಂಥದವರ ಪತ್ರಿಕೆಯೊಂದಕ್ಕೆ ಪಾರಮಾರ್ಥಿಕ ಟೆಲಿಗ್ರಾಫ್ ಎಂಬರ್ಥದ ಹೆಸರನ್ನೇ ಇಟ್ಟರು. ಫಾಕ್ಸ್ ಸಹೋದರಿಯರ ಅಕ್ಕ ಲಿಯಾ ರಾಚೆಸ್ಟರ್ ನಗರದಲ್ಲಿ ಸಂಗೀತ ಪಾಠ ಹೇಳಿ ಬದುಕುತ್ತಿದ್ದಳು. ತಂಗಿಯರು ಅವಳ ಆಶ್ರಯಕ್ಕೆ ಬಂದರು. ಸದ್ದೂ ಅವರ ಹಿಂದೆಯೇ ಬಂತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೊಲೆಯಾದವನ ಪ್ರೇತ ಆ ಮನೆಗೆ ಅಂಟಿಕೊಂಡಿದ್ದರೆ ಹುಡುಗಿಯರು ಊರು ಬಿಟ್ಟಾಗ ಅದು ಹಿಂದೆಯೇ ಉಳಿಯಬೇಕಿತ್ತು. 1849ರ ನವೆಂಬರ್ 14ರಂದು ರಾಚೆಸ್ಟರಿನ ಕೊರಿಂಥಿಯನ್ ಹಾಲ್‌ನಲ್ಲಿ 25 ಸೆಂಟು ಟಿಕೆಟ್ಟಿಟ್ಟು ಮೊದಲ ಸಾರ್ವಜನಿಕ ಪ್ರದರ್ಶನ ನಡೆಯಿತು. ಮರುವರ್ಷ ನ್ಯೂಯಾರ್ಕ್ ನಗರ. 'ಟ್ರಿಬ್ಯೂನ್' ಪತ್ರಿಕೆಯ ಪ್ರಸಿದ್ಧ ಸಂಪಾದಕ ಹೊರೇಸ್ ಗ್ರೀಲಿ ಅವರನ್ನು ಆದರಿಸಿದನು. ಅವನು 1849ರಲ್ಲಿ ತನ್ನ ಐದು ವರ್ಷದ ಮಗನನ್ನು ಕಾಲರಾದಿಂದ ಕಳೆದುಕೊಂಡಿದ್ದನೆಂಬುದನ್ನು ತಿಳಿದಮೇಲೆ ಅವನನ್ನು ನಗಲು ಮನಸ್ಸು ಬಾರದು. ಹಣ ಕೊಟ್ಟು ಆ ಮೇಜಿನ ಸುತ್ತ ಕುಳಿತವರಲ್ಲಿ ಬಹುಮಂದಿ ಇಂಥವರೇ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಮೇಲಂತೂ ಅಮೆರಿಕದಲ್ಲಿ ಈ ಪಂಥಕ್ಕೆ ಲಕ್ಷಾಂತರ ಅನುಯಾಯಿಗಳಾದರು.

ಪರೀಕ್ಷಿಸಿದವರು ಇರಲಿಲ್ಲವೇ? ಇದ್ದರು, ಬಹು ಬೇಗನೆ. 1851ರ ಫೆಬ್ರವರಿಯಲ್ಲಿ ಬಫಲೋ ನಗರದ ಮೂವರು ವೈದ್ಯರು, ಅವರಲ್ಲಿ ಹೃದಯರೋಗಗಳ ಅಧ್ಯಯನದಿಂದ ಮುಂದೆ ಹೆಸರಾದ ಆಸ್ಟಿನ್ ಫ್ಲಿಂಟ್ ಒಬ್ಬನು, ಸದ್ದು ಮೂಳೆಯ ಕೀಲುಗಳಿಂದ ಬರುತ್ತದೆಂದು ಪತ್ರಿಕೆಗೆ ಬರೆದರು. ಪರೀಕ್ಷೆಯಲ್ಲಿ ಹುಡುಗಿಯರ ಕಾಲುಗಳನ್ನು ನೀಳವಾಗಿ ಚಾಚಿಸಿ, ಹಿಮ್ಮಡಿಗಳನ್ನು ಮೆತ್ತೆಯ ಮೇಲೆ ಇರಿಸಿದರು. ಐವತ್ತು ನಿಮಿಷ ಕಾದರೂ ಪ್ರೇತಗಳು ತುಟಿಪಿಟಕ್ಕೆನ್ನಲಿಲ್ಲ. ಕಾಲು ನೆಲಕ್ಕೆ ತಾಗಲು ಬಿಟ್ಟೊಡನೆ ಸದ್ದು ಮರಳಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರ ಬಂಧುವಾದ ಕಲ್ವರ್ ಎಂಬಾಕೆ, ಕೇಟಳೇ ತನಗೆ ಕಾಲ್ಬೆರಳಿನಿಂದ ಸದ್ದು ಮಾಡುವುದನ್ನು ಕಲಿಸಿದಳೆಂದು ಹೇಳಿಕೆ ಕೊಟ್ಟಳು. ಆ ಹೇಳಿಕೆಯಲ್ಲಿ ಇನ್ನೊಂದು ಮಾತಿದೆ. ನನಗೆ ಅದೇ ಮುಖ್ಯ. ಸರಿಯುತ್ತರ ತಿಳಿಯುವುದು ಹೇಗೆಂಬುದಕ್ಕೆ ಕೇಟ್ ಹೇಳಿಕೊಟ್ಟ ಉಪಾಯವೆಂದರೆ, ಕೇಳುವವರ ಮುಖವನ್ನೂ ಚಲನೆಯನ್ನೂ ಗಮನಿಸುವುದು. ಅಕ್ಷರಮಾಲೆಯನ್ನು ಒಂದೊಂದಾಗಿ ಹೇಳುತ್ತಾ ಹೋದಾಗ ಬೇಕಾದ ಅಕ್ಷರದ ಬಳಿ ಅವರ ಮುಖವೇ ಹೇಳಿಬಿಡುತ್ತದಂತೆ. ಕೊನೆಯ ಬೆಂಚಿನ ವಿದ್ಯೆ!

ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ 1853ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿಕೊಟ್ಟನು. ಆಗ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಮೇಜು ತಾನಾಗಿ ತಿರುಗುತ್ತದೆಂಬ ಹುಚ್ಚು ಹಬ್ಬಿತ್ತು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಜಾರುವ ಹಲಗೆಯನ್ನಿಟ್ಟು, ಅದಕ್ಕೊಂದು ಸೂಚಕ ಕಡ್ಡಿ ಜೋಡಿಸಿದನು. ಮೇಜಿಗಿಂತ ಮೊದಲು ಕೈಯೇ ಸರಿಯುತ್ತಿರುವುದು ಕಂಡಿತು. ಕುಳಿತವರಿಗೆ ಆ ಕಡ್ಡಿ ಕಾಣುವಂತೆ ಇಟ್ಟಾಗ ಮೇಜು ಅಲುಗಲೇ ಇಲ್ಲ. ಅವರು ಯಾರೂ ಮೋಸಗಾರರಲ್ಲ; ತಾವು ತಳ್ಳುತ್ತಿರುವುದು ಅವರಿಗೇ ತಿಳಿಯದು. ನಿಮ್ಮಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವರು ಪರೀಕ್ಷೆಯ ಹಿಂದಿನ ರಾತ್ರಿ ಅಕ್ಷರಗಳ ನಡುವೆ ಲೋಟ ಮಗುಚಿಟ್ಟು ಫಲಿತಾಂಶ ಕೇಳಿದ್ದೀರಿ. ಆ ಲೋಟವನ್ನು ಓಡಿಸಿದವರು ಯಾರೆಂಬುದಕ್ಕೆ ಫ್ಯಾರಡೆಯ ಕಡ್ಡಿಯಲ್ಲಿ ಉತ್ತರವಿದೆ. 1990ರ ದಶಕದಲ್ಲಿ ನಮ್ಮ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನೆನಪಿದೆಯಷ್ಟೇ. ರಾತ್ರಿ ಬಾಗಿಲು ತಟ್ಟುವ ಪ್ರೇತಕ್ಕೆ ನಮ್ಮ ಜನ ಪ್ರಶ್ನೆ ಕೇಳುವ ಗೋಜಿಗೆ ಹೋಗದೆ ವಾಯಿದೆ ಹೇಳಿ ಕಳುಹಿಸಿದರು. ಇದರಿಂದ ಯಾವ ಹಳೆಯ ಬಾಡಿಗೆದಾರನ ಮಾನವೂ ಹೋಗಲಿಲ್ಲ ಎಂಬುದನ್ನು ಮೆಚ್ಚಬೇಕು.

ಸಹೋದರಿಯರ ಮುಂದಿನ ಬದುಕು ಸುಖದ್ದಲ್ಲ. ಮ್ಯಾಗಿಯನ್ನು ಒಲಿದಿದ್ದ ಉತ್ತರಧ್ರುವ ಪ್ರದೇಶದ ಶೋಧಕ ಎಲಿಷಾ ಕೇನ್ 1857ರಲ್ಲಿ ತೀರಿಕೊಂಡನು. ಕೇಟ್ ಲಂಡನ್ನಿಗೆ ಹೋಗಿ ಅಲ್ಲಿನ ವಕೀಲನೊಬ್ಬನನ್ನು ಮದುವೆಯಾದಳು. ರಸಾಯನ ವಿಜ್ಞಾನಿ ವಿಲಿಯಂ ಕ್ರುಕ್ಸ್‌ನಂತಹವನೂ ಅವಳ ಸದ್ದನ್ನು ನಿಜವೆಂದು ನಂಬಿದನು. 1881ರಲ್ಲಿ ಅವಳೂ ವಿಧವೆಯಾದಳು. ಇಬ್ಬರೂ ಕುಡಿತಕ್ಕೆ ಬಿದ್ದರು. ಲಿಯಾ ಮಾತ್ರ ಅನುಕೂಲಸ್ಥೆಯಾಗಿ ಬಾಳಿದಳು. ತಂಗಿಯರಿಗೂ ಅವಳಿಗೂ ಆಗಿಬರಲಿಲ್ಲ.

1888ರ ಅಕ್ಟೋಬರ್ 21ರಂದು ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ರಂಗಮಂದಿರದಲ್ಲಿ ಐವತ್ತೈದರ ಸಮೀಪದ ಮ್ಯಾಗಿ ವೇದಿಕೆಗೆ ಬಂದು, ನಲವತ್ತು ವರ್ಷದ ಸದ್ದು ತಮ್ಮ ಕಾಲ್ಬೆರಳಿನದೆಂದು ಸಾರಿದಳು. ಕೇಟ್ ಸಭೆಯಲ್ಲೇ ಕುಳಿತಿದ್ದಳು. ಸಭೆಯಲ್ಲಿದ್ದ ವೈದ್ಯರನ್ನು ವೇದಿಕೆಗೆ ಕರೆದು, ಚಿಕ್ಕ ಮರದ ಪೀಠದ ಮೇಲೆ ಪಾದವಿಟ್ಟು ಸದ್ದು ಮಾಡಿ ತೋರಿಸಿದಳು; ಇಡೀ ರಂಗಮಂದಿರಕ್ಕೆ ಅದು ಕೇಳಿಸಿತು. ಮೊದಮೊದಲು ಸೇಬಿಗೆ ದಾರ ಕಟ್ಟಿ ನೆಲದ ಮೇಲೆ ಕುಪ್ಪಳಿಸಿ ತಾಯಿಯನ್ನು ಹೆದರಿಸುತ್ತಿದ್ದೆವೆಂದು ಅದೇ ದಿನದ 'ವರ್ಲ್ಡ್' ಪತ್ರಿಕೆಯಲ್ಲಿ ಅವಳ ಹೇಳಿಕೆ ಬಂತು. ಇದಕ್ಕಾಗಿ ಅವಳಿಗೆ 1,500 ಡಾಲರ್ ಸಂದಿತು. ಮರುವರ್ಷ ಆ ತಪ್ಪೊಪ್ಪಿಗೆಯನ್ನೇ ಅವಳು ಹಿಂತೆಗೆದುಕೊಂಡಳು.

ಹಾಗಾದರೆ ಯಾವುದನ್ನು ನಂಬುವುದು? ತಪ್ಪೊಪ್ಪಿಗೆಯ ಹಿಂದೆ ಹಣವಿತ್ತು, ಅಕ್ಕನ ಮೇಲಿನ ಸಿಟ್ಟಿತ್ತು. ಹಿಂತೆಗೆತದ ಹಿಂದೆ ಬಡತನವಿತ್ತು. ಪ್ರೇತಗಳನ್ನು ಬಿಟ್ಟರೆ ಅವಳಿಗೆ ಬೇರೆ ಜೀವನೋಪಾಯ ತಿಳಿಯದು. ನಾನು ಅವಳ ಮಾತನ್ನು ಎರಡು ಸಲವೂ ಬದಿಗಿಟ್ಟು, ಅವಳ ಕಾಲ್ಬೆರಳನ್ನು ನಂಬುತ್ತೇನೆ. 1851ರಲ್ಲಿ ವೈದ್ಯರು ಹೇಳಿದ್ದಕ್ಕೂ, ಕಲ್ವರ್ ಹೇಳಿದ್ದಕ್ಕೂ, 37 ವರ್ಷಗಳ ಬಳಿಕ ಸಾವಿರಾರು ಜನ ಕಿವಿಯಾರೆ ಕೇಳಿದ್ದಕ್ಕೂ ತಾಳೆಯಿದೆ. ಒಂದು ತೊಡಕನ್ನು ಮಾತ್ರ ಮುಚ್ಚಿಡಬಾರದು. ಆ ಮೊದಲ ರಾತ್ರಿ ತಾಯಿಯೂ ಮಕ್ಕಳೂ ಮನೆ ಬಿಟ್ಟು ಹೋದ ಮೇಲೆಯೂ ಸದ್ದು ಮುಂದುವರಿಯಿತೆಂದು ಹೇಳಿಕೆಗಳಲ್ಲಿದೆ. ಕಾಲ್ಬೆರಳಿನ ವಿವರಣೆ ಇದಕ್ಕೆ ಒಪ್ಪುವುದಿಲ್ಲ. ಕತ್ತಲೆಯಲ್ಲಿ, ಮರದ ನೆಲದ ಮೇಲೆ, ಕುಟ್ಟು ಕೇಳಲೆಂದೇ ಕಾದು ಕುಳಿತ ಗುಂಪಿನ ನಡುವೆ ಏನೇನು ಸಾಧ್ಯವೆಂಬುದನ್ನು ನೀವೇ ಯೋಚಿಸಿ. ಇತಿಹಾಸ ಬರೆಯುವವನು ತನ್ನ ತೀರ್ಮಾನಕ್ಕೆ ಒಪ್ಪದ ಸಾಕ್ಷಿಯನ್ನು ಕಸದ ಬುಟ್ಟಿಗೆ ಹಾಕಬಾರದೆಂದು ನಿಮಗೆ ಪಾಠ ಹೇಳಿದವನು ನಾನು.

ಮದರಾಸು, ಬೆಂಗಳೂರುಗಳ ಮಾತೆತ್ತಿದ್ದೆನಲ್ಲ, ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಈ ಪಂಥದ ಪವಾಡಗಳನ್ನು ಪತ್ರಿಕೆಗೆ ವರದಿ ಮಾಡಲು 1874ರಲ್ಲಿ ವರ್ಮಾಂಟ್ ಸಂಸ್ಥಾನದ ತೋಟದ ಮನೆಯೊಂದಕ್ಕೆ ಹೋದ ಕರ್ನಲ್ ಆಲ್ಕಾಟ್‌ಗೆ ಅಲ್ಲಿ ಮೇಡಂ ಬ್ಲಾವಟ್ಸ್ಕಿಯ ಪರಿಚಯವಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಹುಟ್ಟಿತು. 1879ರಲ್ಲಿ ಇಬ್ಬರೂ ಮುಂಬಯಿಗೆ ಬಂದರು. 1882ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ನೆಲೆಸಿದರು. ಅವರು ಪ್ರೇತಗಳ ಮಾತನ್ನು ಬಹುಬೇಗ ಕೈಬಿಟ್ಟು ಬೇರೆ ಹಾದಿ ಹಿಡಿದರೆಂಬುದು ನಿಜ. ಆ ಚಿಂತನೆಯ ಒಂದು ಶಾಖೆಗೆ ಸೇರಿದ ಬಿ. ಪಿ. ವಾಡಿಯಾ ಅವರು 1945ರಲ್ಲಿ ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ಓದಿದವರು ನಮ್ಮ ಬಂಧುಗಳಲ್ಲಿ ಎಷ್ಟೋ ಮಂದಿ. ಎಲ್ಲಿಯ ಸೇಬು, ಎಲ್ಲಿಯ ದಾರ!

ಲಿಯಾ 1890ರಲ್ಲಿ, ಕೇಟ್ 1892ರಲ್ಲಿ, ಮ್ಯಾಗಿ 1893ರ ಮಾರ್ಚ್‌ನಲ್ಲಿ ತೀರಿಕೊಂಡರು. ತಂಗಿಯರಿಬ್ಬರೂ ಸತ್ತದ್ದು ಕಡುಬಡತನದಲ್ಲಿ. 1904ರಲ್ಲಿ ಪಾಳುಬಿದ್ದ ಮನೆಯ ನೆಲಮಾಳಿಗೆಯ ಗೋಡೆ ಕುಸಿದು ಮೂಳೆಗಳು ಕಂಡವೆಂದು ಪತ್ರಿಕೆಗಳು ಬರೆದಾಗ, ಬೆಲ್ಲನ ಹೆಸರು ಮತ್ತೊಮ್ಮೆ ಎದ್ದಿತು. ಆಮೇಲೆ ವೈದ್ಯನೊಬ್ಬನು ಪರಿಶೀಲಿಸಿದಾಗ, ಅಲ್ಲಿದ್ದುದು ಕೆಲವೇ ಪಕ್ಕೆಲುಬುಗಳು ಮತ್ತು ಚೂರುಪಾರು ಮೂಳೆಗಳೆಂದೂ, ಅವುಗಳಲ್ಲಿ ಕೋಳಿಯ ಮೂಳೆಗಳೂ ಸೇರಿದ್ದುವೆಂದೂ ತಿಳಿದುಬಂತು. ಈ ಎರಡನೆಯ ಸುದ್ದಿ ಮೊದಲನೆಯದರಷ್ಟು ದೂರ ಹೋಗಲಿಲ್ಲ. 1916ರಲ್ಲಿ ಆ ಮನೆಯನ್ನೇ ಕಿತ್ತು, ಅದೇ ಸಂಸ್ಥಾನದ ಲಿಲಿ ಡೇಲ್ ಎಂಬ ಪಂಥದ ನೆಲೆಗೆ ಸಾಗಿಸಿ ಪುನಃ ನಿಲ್ಲಿಸಿದರು. ಅಲ್ಲಿ ಅದು ಯಾತ್ರಾಸ್ಥಳವಾಯಿತು. 1955ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೈಡ್ಸ್‌ವಿಲ್ಲಿನಲ್ಲಿ ಉಳಿದದ್ದು ಅದರ ಕಲ್ಲಿನ ಪಾಯ ಮಾತ್ರ; ಅದನ್ನು ಒಂದು ಕಟ್ಟಡದೊಳಗೆ ಕಾಪಾಡಲಾಗಿದೆ.